ಏರಿಯಲ್ ಕಟ್ಟಿ

ಮೊನ್ನೆ ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿ ಕಡಿಯಿತು. ನನ್ನ ಎರಡು ಇಳಕಲ್ ಸೀರೆ, ಮೊಮ್ಮಗಳ ಚೂಡಿದಾರ, ಒಗೆದು ಹಾಕಿದ್ದ ಚಾದರ ಎಲ್ಲವೂ ಒಟ್ಟಿಗೆ ಮಣ್ಣು ಮುಕ್ಕಿದವು. ಮೊಮ್ಮಗಳು ಅಶ್ವಿನಿ ಪೇಟೆಗೆ ಹೋಗಿ ನೈಲಾನ್ ಹಗ್ಗ ತರುತ್ತೇನೆಂದು ಚಪ್ಪಲಿ ಮೆಟ್ಟಿದಳು. "ತಾ ಬೇಕಾದ್ರ. ಆದ್ರ ಆ ತಂತಿ ಒಗೀಬ್ಯಾಡ ನೋಡವಾ, ಅದು ಏರಿಯಲ್ಲು" ಅಂದೆ.

ಅಶ್ವಿನಿ ಲಿಂಗಸುಗೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಶಬ್ದ ಕಿವಿಗೆ ಬಿದ್ದರೆ ಸಾಕು, ಅದರ ಜಾತಕ ಬಿಚ್ಚುತ್ತಾಳೆ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. "ಅಜ್ಜಿ, ಏರಿಯಲ್ ಅನ್ನೋದು ಯಾವ ಭಾಷೆದು ಗೊತ್ತೇನು?"

"ಕನ್ನಡದ್ದು" ಅಂದೆ, ಕಣ್ಣು ಮಿಟುಕಿಸದೆ.

ಅವಳು ನಕ್ಕಳು. ನಾನು ನಗಲಿಲ್ಲ. ಯಾಕೆ ನಗಲಿಲ್ಲವೆಂದು ನಿಮಗೆ ಮುಂದೆ ಗೊತ್ತಾಗುತ್ತದೆ.

ಅದು ಗ್ರೀಕ್ ಶಬ್ದವಂತೆ. ಹಳೆಯ ಗ್ರೀಕರು ಗಾಳಿಗೆ 'ಆಏರ್' ಅನ್ನುತ್ತಿದ್ದರಂತೆ. ಅದರಲ್ಲೂ ತೀರ ಹಳೆಯ ಕಾಲದಲ್ಲಿ ಆಏರ್ ಎಂದರೆ ಬರಿಯ ಗಾಳಿ ಅಲ್ಲ, ನೆಲಕ್ಕೆ ಅಂಟಿಕೊಂಡು ನಿಲ್ಲುವ ಮಂಜು, ಮಬ್ಬು. ಅವರ ದೇವರುಗಳು ಯುದ್ಧದಲ್ಲಿ ತಮಗೆ ಬೇಕಾದವನ ಮೇಲೆ ಈ ಆಏರನ್ನು ಹೊದಿಸಿ, ಶತ್ರುವಿನ ಕಣ್ಣಿಗೆ ಬೀಳದಂತೆ ಎತ್ತಿಕೊಂಡು ಹೋಗಿಬಿಡುತ್ತಿದ್ದರಂತೆ. ಮೇಲಿನ ತಿಳಿಯಾದ ಬೆಳಕಿನ ಆಕಾಶಕ್ಕೆ ಅವರಲ್ಲಿ ಬೇರೆಯೇ ಹೆಸರಿತ್ತಂತೆ. ಇಷ್ಟಕ್ಕೇ ನಾನು ಅರ್ಧ ಎದ್ದು ಕೂತಿದ್ದೆ. ಅಷ್ಟರಲ್ಲಿ ಅವಳು, "ಅವರಾಗ ಒಬ್ಬ ದೊಡ್ಡ ಮನುಷ್ಯ ಹೇಳ್ಯಾನಂತ ಅಜ್ಜಿ, ನೆಲದ ಮ್ಯಾಲಿನ ವಸ್ತು ಮ್ಯಾಲಕ್ಕ ಎತ್ತತೈತಲ್ಲ ಗಾಳಿ, ಅದಕ್ಕ ಆಏರ್ ಅಂತಾರ ಅಂತ" ಅಂದಳು.

"ಏರಸತೈತಿ ಅನ್ನಬೇ! ಏರಸತೈತಿ, ಅದಕ್ಕ ಏರ್!" ಎಂದು ನಾನು ಕೂಗಿಬಿಟ್ಟೆ.

ಎರಡಕ್ಕೂ ಸಂಬಂಧವಿಲ್ಲ, ಅದು ಬೇರೆ ಇದು ಬೇರೆ ಎಂದು ಅವಳು ತಿಳಿಸಿ ಹೇಳಿದಳು. ನಾನು ತಿಳಿದುಕೊಳ್ಳಲಿಲ್ಲ. ಈ ವಯಸ್ಸಿನಲ್ಲಿ ತಿಳಿದುಕೊಳ್ಳದೇ ಇರುವ ಹಕ್ಕು ನನಗುಂಟು. ಆ ಶಬ್ದ ಊರೂರು ಅಲೆದು ಏನೇನಾಗಿದೆ ನೋಡಿ: ಏರೋಪ್ಲೇನ್ ಆಗಿದೆ, ರೇಡಿಯೋದ ಏರಿಯಲ್ ಆಗಿದೆ, ಇಟಲಿಗೆ ಹೋಗಿ ಕೆಟ್ಟ ಗಾಳಿಯಾಗಿ ಮಲೇರಿಯಾ ಆಗಿದೆ. ಅದೇ ಇಟಲಿಯಲ್ಲಿ ಹಾಡಿಗೂ ಅದೇ ಶಬ್ದವಂತೆ, 'ಆರಿಯಾ' ಅನ್ನುತ್ತಾರಂತೆ. ಮಂಜು, ಏರುವುದು, ರೋಗ, ಹಾಡು! ಇವೆಲ್ಲ ಕೂಡಿ ಒಂದು ಮುಂಜಾನೆ ಲಿಂಗಸುಗೂರಿನ ಕೆರೆ ಏರಿಯ ಮೇಲೆ ಬಂದು ನಿಂತದ್ದನ್ನು ಕಣ್ಣಾರೆ ಕಂಡವಳು ನಾನು. ಗ್ರೀಕರ ಪೈಕಿ ಒಬ್ಬರೂ ಅಲ್ಲಿರಲಿಲ್ಲ. ಇದ್ದಿದ್ದರೆ ಅವರಿಗೂ ಒಂದು ವಾಟಿ ಚಹಾ ಸಿಗುತ್ತಿತ್ತು.

ಆ ಕಾಲಕ್ಕೆ ನಮ್ಮ ಊರಲ್ಲಿ ಗಾಳಿಗೆ ಹೆಸರುಗಳ ಸಂತೆಯೇ ನೆರೆದಿತ್ತು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಮೇಷ್ಟರು 'ಹವಾ' ಎಂದು ಕಲಿಸಿದ್ದರು. ಪೊಲೀಸ್ ಆಕ್ಷನ್ ಆಗಿ, ನಿಜಾಮರ ರಾಜ್ಯ ಮುಗಿದು, ಕನ್ನಡ ಶಾಲೆ ಬಂದು, ಹೊಸ ಮಾಸ್ತರರು 'ಗಾಳಿ' ಎಂದು ಹಲಗೆಯ ಮೇಲೆ ಬರೆದರು. ವಿಜ್ಞಾನದ ಪಾಠದಲ್ಲಿ ಅದೇ 'ವಾಯು' ಆಯಿತು. ನಾನು ಪರೀಕ್ಷೆಯಲ್ಲಿ ಮೂರನ್ನೂ ಬರೆದು ಬಂದೆ, ಯಾವುದಾದರೂ ಒಂದು ಹತ್ತಲಿ ಎಂದು. ಆಕ್ಷನ್ನಿನ ದಿನಗಳಲ್ಲಿ ನಮ್ಮ ತಲೆಯ ಮೇಲೆ ಏರೋಪ್ಲೇನ್ ಹಾದುಹೋದಾಗ ಅಪ್ಪ ಅದನ್ನು 'ಹವಾಯಿ ಜಹಾಜ್' ಅಂದ, ಓಣಿಯ ಹುಡುಗರು 'ಇಮಾನ' ಅಂದರು, ಅಪ್ಪನ ಅವ್ವ, ನಮ್ಮ ಆಯಿ, ಕೈ ಮುಗಿದು 'ಪುಷ್ಪಕ' ಅಂದಳು. ನಾನಂತೂ ಜೋಳದ ಕಣಜದ ಹಿಂದೆ ಕೂತಿದ್ದೆ.

ಸೈಕಲ್ಲಿಗೆ ಹೊಡೆಯುವುದು ಹವಾ. ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡಿದರೆ 'ಅವಂದು ಹವಾ ಐತಿ'. ಹುಣಸೆ ಮರದ ಕೆಳಗೆ ಹೋಗಿ ಬಂದು ಮೈ ಬಿಸಿಯಾದರೆ 'ಗಾಳಿ ಸೋಕೈತಿ', ಮಂತ್ರ ಹಾಕಿಸಬೇಕು. ಯಾರೋ ಹೇಳಿದ್ದನ್ನು ಯಾರೋ ಕೇಳಿ ಇನ್ಯಾರಿಗೋ ದಾಟಿಸಿದರೆ ಅದು ಗಾಳಿ ಸುದ್ದಿ. ನಮ್ಮ ಮನೆಯ ನೆಮ್ಮದಿ ಕೆಡಿಸಿದ್ದು ಈ ಕೊನೆಯದು.

ಅಪ್ಪನ ತಂಗಿ ಗಂಗತ್ತಿಯನ್ನು ಧಾರವಾಡಕ್ಕೆ ಕೊಟ್ಟಿತ್ತು. ಅವಳ ಗಂಡ, ನಮ್ಮ ಮಾಮಾ, ಅಲ್ಲಿ ಕನ್ನಡ ಶಾಲೆಯ ಮಾಸ್ತರ. ಮಾಮಾ ಮಾತಾಡಿದರೆ ಪುಸ್ತಕ ಓದಿದ ಹಾಗೆ ಇರುತ್ತಿತ್ತು. ನಾವು 'ಮನ್ಯಾಗ' ಅಂದರೆ ಅವರು 'ಮನೆಯಲ್ಲಿ' ಅನ್ನುವರು. 'ಊರಾಗ' ಅಂದರೆ 'ಊರಿನಲ್ಲಿ'. ಅವರು ಬಂದು ಹೋದ ಮೇಲೆ ನಾವು ಹುಡುಗಿಯರು ವಾರಗಟ್ಟಲೆ 'ಅಡುಗೆಮನೆಯಲ್ಲಿ ರೊಟ್ಟಿ ಇರುವುದೇ?' ಎಂದು ಆಟವಾಡುತ್ತಿದ್ದೆವು. ಈ 'ಅಲ್ಲಿ'ಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಇಡೀ ಕತೆ ಅದಕ್ಕೇ ಜೋತುಬಿದ್ದಿದೆ.

ಗಂಗತ್ತಿಯ ದನಿ ಅಂದರೆ ನಮ್ಮ ಓಣಿಯವರಿಗೆಲ್ಲ ಗೊತ್ತು. ಆಯಿ ಬೀಸುವ ಕಲ್ಲಿನ ಮುಂದೆ ಕೂಡಿಸಿಕೊಂಡು ಅವಳಿಗೆ ತತ್ವಪದ ಕಲಿಸಿದ್ದಳು. ಅದರಲ್ಲೊಂದು ಪದ ಆಯಿಯ ಜೀವ. ಪ್ರತಿ ನುಡಿಯ ಕೊನೆಗೆ 'ಗುರುವೇ' ಎಂದು ಎಳೆಯಬೇಕು, ಎಳೆದದ್ದು ನಡುವೆ ಕಡಿಯಕೂಡದು. "ಉಸುರು ಮುರದ್ರ ಗುರುವು ಮುರದಂಗ" ಎಂದು ಆಯಿ ಕಲ್ಲಿನ ಗೂಟ ಬಿಟ್ಟು ಮಗಳ ಬೆನ್ನಿಗೊಂದು ಗುದ್ದುತ್ತಿದ್ದಳಂತೆ. ನನಗೂ ಕಲಿಸಲು ನೋಡಿದಳು. ನನ್ನ ಗುರು 'ಗು' ಅನ್ನುವಷ್ಟರಲ್ಲೇ ಮುರಿದು ಬೀಳುತ್ತಿದ್ದ, ಹಾಗಾಗಿ ನನಗೆ ಹಿಟ್ಟು ಜರಡಿ ಹಿಡಿಯುವ ಕೆಲಸ ಸಿಕ್ಕಿತು.

ಆಕ್ಷನ್ ಆಗಿ ಕೆಲವು ವರ್ಷಕ್ಕೆ, ಒಂದು ಮಳೆಗಾಲದಲ್ಲಿ, ಗಂಗತ್ತಿಗೆ ನ್ಯುಮೋನಿಯಾ ಆಯಿತು. (ಅದೂ ಗ್ರೀಕರ ಮಾಲೇ, ಉಸಿರಿನ ಇನ್ನೊಂದು ಶಬ್ದದ ಬಳಗದ್ದು ಎಂದು ಅಶ್ವಿನಿ ಹೇಳುತ್ತಾಳೆ. ಇವರು ನಮಗೆ ಏನನ್ನೂ ಬಿಡಲಿಲ್ಲ.) ಗಂಗತ್ತಿ ಉಳಿದಳು. ಆದರೆ ಸುದ್ದಿ ಇಳಕಲ್ಲು ದಾಟಿ ನಮ್ಮ ಊರಿಗೆ ಬರುವಷ್ಟರಲ್ಲಿ ಬೇರೆಯಾಗಿತ್ತು. ಒಬ್ಬರು ಅವಳ ಎದೆಯಲ್ಲಿ ನೀರು ನಿಂತಿದೆ ಅಂದರು. ಇನ್ನೊಬ್ಬರು ಮಾತೇ ಹೊರಡುವುದಿಲ್ಲವಂತೆ ಅಂದರು. ಮತ್ತೊಬ್ಬರು ಏನೂ ಅನ್ನದೆ ಆಯಿಯ ಮುಖ ನೋಡಿ ಲೊಚಗುಟ್ಟಿದರು, ಅದು ಎಲ್ಲಕ್ಕಿಂತ ಕೆಟ್ಟದ್ದು.

ಅಪ್ಪ ಧಾರವಾಡಕ್ಕೆ ಹೋಗಿ ನೋಡಿಕೊಂಡು ಬಂದ. "ಆರಾಮದಾಳ ಯವ್ವಾ."

"ನಿಮ್ಮಪ್ಪ ಸಾಯೋ ದಿನಾನೂ ಆರಾಮದಾನ ಅಂದಿದ್ದಿ ನೀ" ಅಂದಳು ಆಯಿ.

ಗಂಗತ್ತಿ ಬರುವಂತಿಲ್ಲ, ಬೇಸಿಗೆವರೆಗೆ ಪ್ರಯಾಣ ಬೇಡವೆಂದು ಡಾಕ್ಟರರು ಹೇಳಿದ್ದರು. ಆಯಿ ಹೋಗುವಂತಿಲ್ಲ. ಮಸ್ಕಿಗೆ ಹೋಗುವ ಬಸ್ಸನ್ನು ಏರಿದರೇ ಊರ ಸೀಮೆ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು ಅವಳಿಗೆ. "ಆಕಿ ಆ ಪದ ಹಾಡಿದ್ದು ನನ್ನ ಕಿವ್ಯಾಗ ಬೀಳ್ಬೇಕು. ಗುರುವೇ ಅಂತ ಎಳದದ್ದು ಕೇಳಬೇಕು. ಆವಾಗ ನಂಬತೀನಿ" ಎಂದು ಹಟ ಹಿಡಿದಳು. ಅಂದಿನಿಂದ ಬೀಸುವಾಗ ಹಾಡುವುದನ್ನೂ ಬಿಟ್ಟಳು. ಬೆಳಗಿನ ಜಾವ ಕಲ್ಲಿನ ಗರಗರ ಸಪ್ಪಳವೊಂದೇ ಕೇಳುತ್ತಿತ್ತು. ನನಗೆ ಆ ಸಪ್ಪಳ ಕೇಳಿದರೆ ಅಳು ಬರುತ್ತಿತ್ತು.

ಇಂಥದರಲ್ಲಿ ನಮ್ಮ ಮನೆಗೆ ರೇಡಿಯೋ ಬಂತು. ಸಿಂಧನೂರು ಕಡೆ ಕಾಲುವೆ ಕೆಲಸ ನಡೆದಿತ್ತು. ಅಲ್ಲಿನ ಕ್ಯಾಂಪಿನ ಓವರ್‌ಸೀಯರ್ ಒಬ್ಬರು ವರ್ಗವಾಗಿ ಹೊರಟಾಗ ಅಪ್ಪನಿಗೆ ತಮ್ಮ ಬ್ಯಾಟರಿ ರೇಡಿಯೋ ಕೊಟ್ಟರು. ಸಿಂಧನೂರಿನಲ್ಲಿ ಬಸ್ಸಿನ ಮಾಳಿಗೆಗೆ ಏರಿ, ಮಸ್ಕಿಯಲ್ಲಿ ಇಳಿದು, ಮಸ್ಕಿಯ ಸಂತೆಯ ಜನವೆಲ್ಲ ಮುಟ್ಟಿ ನೋಡಿ, ಮತ್ತೊಂದು ಬಸ್ಸೇರಿ ಅದು ಲಿಂಗಸುಗೂರು ಮುಟ್ಟಿತು. ಮುಂದೆ ಬಟ್ಟೆಯ ಪರದೆ, ಹಳದಿ ಗಾಜು, ಎರಡು ದಪ್ಪ ಗುಂಡಿ. ಹಿಂದೆ ಒಂದು ಗೇಣುದ್ದದ ತಂತಿಯ ತುಂಡು ಬಾಲದಂತೆ ಜೋತಾಡುತ್ತಿತ್ತು. ಮಿಕ್ಕ ತಂತಿ ಕ್ಯಾಂಪಿನ ಬೇವಿನ ಮರದ ಮೇಲೇ ಉಳಿದಿತ್ತೆಂದು ನಮಗೆ ಯಾರು ಹೇಳಬೇಕು? ಗುಂಡಿ ತಿರುವಿದರೆ ಕಡಲೆ ಹುರಿದ ಸಪ್ಪಳ. ಅಪ್ಪ ಎರಡೂ ಗುಂಡಿಗಳನ್ನು ಎಲ್ಲ ಕಡೆ ತಿರುವಿದ, ಮೇಲೆ ತಟ್ಟಿದ, ಊದುಬತ್ತಿ ಬೆಳಗಿದ. ಆಯಿ, "ಹಸದೈತೇನೋ, ಏನರ ತಿನ್ನಾಕ ಕೊಡು" ಅಂದಳು.

ಚಳಿ ಬಿದ್ದು ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂದಿತ್ತು. ಇಳಕಲ್ಲಿನಿಂದ ಸೀರೆ ಗಂಟು ಹೊತ್ತು ತರುವ ವ್ಯಾಪಾರಿ ವಿರೂಪಣ್ಣ ಮನೆ ಮುಂದಿನ ನಮ್ಮ ಅಂಗಡಿಯ ಕಟ್ಟೆ ಏರಿದವನೇ ಗಂಟನ್ನೂ ಇಳಿಸದೆ ಕೂಗಿದ: "ಸಾವಕಾರ್ರ, ಧಾರವಾಡದಾಗ ನಿಮ್ಮ ಭಾವನವರು ಭೆಟ್ಟಿಯಾಗಿದ್ರು! ಗಂಗಕ್ಕ ರೇಡಿಯೋದಾಗ ಹಾಡತಾಳಂತ್ರೀ! ಬರೋ ಸೋಮಾರ, ಮುಂಜಾನೆ, ಎಲ್ಲಾಕಿಂತ ಮೊದಲು ಆಕೀದ!"

ಮನೆ ಮಂದಿಯೆಲ್ಲ ಅಂಗಡಿಗೆ ಬಂದರು. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

"ನಮ್ಮ ರೇಡಿಯೋ ಮಾತಾಡವಲ್ದಲ್ಲೋ" ಅಂದ ಅಪ್ಪ.

"ಅದಕ್ಕೂ ಹೇಳ್ಯಾರ್ರೀ. ಮರೀಬಾರ್ದಂತ ದಾರಿಗುಂಟ ಅನಕೋತ ಬಂದೀನಿ" ಎಂದು ವಿರೂಪಣ್ಣ ಕಣ್ಣು ಮುಚ್ಚಿಕೊಂಡು ಒಪ್ಪಿಸಿದ: "ಏರಿಯಲ್ ಕಟ್ಟಿ, ಆಮ್ಯಾಲ ಕೇಳ್ರಿ."

ಏರಿಯಲ್. ಆ ಶಬ್ದವನ್ನು ನಮ್ಮ ಪೈಕಿ ಯಾರೂ ಕೇಳಿರಲಿಲ್ಲ. ಅಪ್ಪ ಹುಬ್ಬು ಗಂಟಿಕ್ಕಿದ. ಆಮೇಲೆ ತೊಡೆ ತಟ್ಟಿಕೊಂಡ. "ಮಾಸ್ತರನ ಮಾತಲ್ಲೇನು ಅದು! ಪುಸ್ತಕದ ಕನ್ನಡ. ಏರಿಯಲ್ಲಿ! ಅಂದ್ರ ಕೆರಿ ಏರಿಮ್ಯಾಲ. ಏರಿಯಲ್ಲಿ, ಕಟ್ಟಿಮ್ಯಾಲ ಕೇಳ್ರಿ ಅಂದಾನ!"

ನಮ್ಮ ಕೆರೆಯ ಏರಿಯ ಮೇಲೆ, ಬೇವಿನ ಮರದ ಬುಡದಲ್ಲಿ, ಕಲ್ಲಿನ ಕಟ್ಟಿ ಇತ್ತಲ್ಲ! ಮಾಮಾ ಬಂದಾಗೆಲ್ಲ ಸಂಜೆ ಅಲ್ಲೇ ಕೂತು ಹವಾ ತಿನ್ನುತ್ತಿದ್ದರು. ಇದಕ್ಕಿಂತ ಸಾಕ್ಷಿ ಬೇಕೇ? ಎಲ್ಲರಿಗೂ ಒಮ್ಮೆಗೇ ಎಲ್ಲ ಹೊಳೆಯಿತು. ಎತ್ತರದ ಜಾಗ, ಬಯಲು, ಅಡ್ಡ ಗೋಡೆ ಇಲ್ಲ, ಧಾರವಾಡದಿಂದ ಬರುವ ದನಿ ಮೊದಲು ಅಲ್ಲಿಗೇ ತಾನೇ ಬರಬೇಕು! ನಾನಂತೂ ಕುಣಿದಾಡಿಬಿಟ್ಟೆ. ಮಾಮಾನ ಬುದ್ಧಿ ಎಷ್ಟು ಚುರುಕು ಎಂದು ಓಣಿಯಲ್ಲಿ ಮನೆ ಮನೆಗೆ ಹೋಗಿ ಸಾರಿ ಬಂದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಮಾಮಾ ಬಂದು ಈ ಸಂಗತಿ ಕೇಳಿ, ಉಂಡ ಎಲೆಯ ಮುಂದೆ ಕೂತವರು ಏಳಲಾರದೆ ನಕ್ಕರು. ನಕ್ಕೂ ನಕ್ಕೂ ಪುಸ್ತಕದ ಕನ್ನಡ ಮರೆತು "ಎಲ್ಲಾರ್ಗೂ ಹುಚ್ಚ ಹಿಡದೈತೇನ್ರಲೇ!" ಅಂದರು. ಅದೇ ಮೊದಲು ಅವರು ನಮ್ಮಂತೆ ಮಾತಾಡಿದ್ದು. ಏರಿಯಲ್ ಎಂದರೆ ಗಾಳಿಯಲ್ಲಿನ ದನಿ ಹಿಡಿಯುವ ತಂತಿ ಎಂದು ತಿಳಿಸಿ, ಮರುದಿನ ತಾಮ್ರದ ತಂತಿ ತರಿಸಿ ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ಕಟ್ಟಿದರು. ಮೊನ್ನೆ ಕಡಿದದ್ದು ಅದೇ. ಆದರೆ ಏರಿಯ ಮೇಲಿನ ಕಟ್ಟಿಗೆ ಆ ಹೊತ್ತಿಗೆ ಊರವರು 'ಏರಿಯಲ್ ಕಟ್ಟಿ' ಎಂದು ಹೆಸರಿಟ್ಟಾಗಿತ್ತು. ಎಮ್ಮೆ ಕಾಯುವವರು ಕೂಡ "ಏರಿಯಲ್ ಕಟ್ಟಿ ತಾವ ಅದಾವು" ಅನ್ನುತ್ತಿದ್ದರು. ಈಗ ಹೇಳಿ, ಆ ಶಬ್ದ ಕನ್ನಡದ್ದಲ್ಲವೇ?

ಸೋಮವಾರ ನಸುಕಿನಲ್ಲೇ ಬಂಡಿ ಕಟ್ಟಿದರು. ರೇಡಿಯೋವನ್ನು ಕೌದಿಯಲ್ಲಿ ಸುತ್ತಿ ಬಂಡಿಯಲ್ಲಿ ಇಟ್ಟರು, ಅದರ ಪಕ್ಕ ಬ್ಯಾಟರಿ, ಅದರ ಪಕ್ಕ ಆಯಿ. ನಾನು ಹಿಂದೆ ಕಾಲು ಇಳಿಬಿಟ್ಟು ಕೂತೆ. ಓಣಿಯ ಅರ್ಧ ಜನ ಕಂಬಳಿ ಹೊದ್ದು ಬಂಡಿಯ ಹಿಂದೆ ನಡೆದು ಬಂದರು. ಒಬ್ಬಾಕೆ ಚಹಾದ ಕಿಟ್ಲಿ ತಂದಿದ್ದಳು. ಕೆರೆಯ ಮೇಲೆ ಮಂಜು ಎಷ್ಟು ಕವಿದಿತ್ತೆಂದರೆ ಏರಿಯ ಮೇಲೆ ನಿಂತರೆ ನೀರೂ ಇಲ್ಲ, ಊರೂ ಇಲ್ಲ. ಕಟ್ಟಿಯೊಂದು, ಬೇವಿನ ಮರದ ಬುಡವೊಂದು, ಕಂಬಳಿಯೊಳಗಿನ ನಾವು.

ಅಪ್ಪ ರೇಡಿಯೋವನ್ನು ಕಟ್ಟಿಯ ಮೇಲಿಟ್ಟು ಗುಂಡಿ ತಿರುವಿದ. ಹಳದಿ ಬೆಳಕು ಬಂತು. ಕಡಲೆ ಹುರಿಯುವ ಸಪ್ಪಳ ಬಂತು. ಎಲ್ಲರೂ ಮುಂದೆ ಬಾಗಿದೆವು. ಕಡಲೆ ಹುರಿಯುತ್ತಲೇ ಇತ್ತು. ಅಪ್ಪ ಕಟ್ಟಿಯ ಈ ತುದಿಗೆ ಸರಿಸಿದ, ಆ ತುದಿಗೆ ಸರಿಸಿದ. ಮುಖವನ್ನು ಧಾರವಾಡದ ಕಡೆ ತಿರುಗಿಸಬೇಕೋ ಬೆನ್ನನ್ನು ತಿರುಗಿಸಬೇಕೋ ಎಂದು ಅಲ್ಲೇ ಜಗಳವೂ ಆಯಿತು. ಮೂಡಣ ಬೆಳ್ಳಗಾಗತೊಡಗಿತ್ತು. 'ಎಲ್ಲಾಕಿಂತ ಮೊದಲು ಆಕೀದ' ಎಂದು ವಿರೂಪಣ್ಣ ಹೇಳಿದ್ದ. ಆಯಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ರೇಡಿಯೋವನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಇದೇನ ಹಲ್ಕಟ್ ಬಾಲ ಇದಕ್ಕ" ಎಂದು, ಒಳಗೆ ತುರುಕಲೆಂದು, ಹಿಂದೆ ಜೋತಾಡುತ್ತಿದ್ದ ತಂತಿಯ ತುಂಡನ್ನು ಹಿಡಿದಳು.

ಗಂಗತ್ತಿ ಹಾಡಿದಳು.

ಆಯಿ "ಯವ್ವಾ!" ಎಂದು ಕೈ ಬಿಟ್ಟಳು. ಕಡಲೆ ಹುರಿಯಿತು. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ನಂತರ ಎಲ್ಲರೂ ಒಮ್ಮೆಗೇ ಕೂಗಿದೆವು: "ಹಿಡೀರಿ! ಬಾಲಾ ಹಿಡೀರಿ!"

"ಗಾಳಿ ಐತೇನೋ ಅದರಾಗ?" ಎಂದಳು ಆಯಿ.

"ಇಲ್ಲ ಯವ್ವಾ, ಗಂಗಿ ಅದಾಳ! ಹಿಡಿ!"

ಆಯಿ ಹಿಡಿದಳು. ದನಿ ಮತ್ತೆ ಬಂತು, ಸ್ವಲ್ಪ ಸೊರಗಿದ ದನಿ, ಆದರೆ ಅವಳದೇ. ಅದೇ ಪದ. ತಂಬೂರಿಯ ಶ್ರುತಿ, ತಾಳದ ಕಿಣಿಕಿಣಿ, ಎಲ್ಲ ಕೇಳುತ್ತಿತ್ತು. ಅವ್ವ ಅತ್ತಳು. ವಿರೂಪಣ್ಣ ತಾನೇ ಹಾಡಿಸಿದವನಂತೆ ಸುತ್ತಲೂ ನೋಡಿದ. ನುಡಿ ಮುಗಿಯುತ್ತ ಬಂತು. ಆಯಿ ಕಣ್ಣು ಮುಚ್ಚಿದಳು. ಅವಳ ಬೆರಳುಗಳು ತಂತಿಯ ಮೇಲೆ ಬಿಗಿದಿದ್ದವು.

'ಗುರುವೇ' ಎಂದು ಗಂಗತ್ತಿ ಎಳೆದಳು.

ಆಯಿಯ ಎದೆ ಏರಿತು, ಇಳಿಯಲಿಲ್ಲ. ಅದನ್ನು ನೋಡಿ ನಾನೂ ಉಸಿರು ಹಿಡಿದೆ. ಅಪ್ಪನೂ ಹಿಡಿದಿದ್ದ. ದನಿ ಮೇಲೆ ಹೋಯಿತು, ಅಲ್ಲೇ ನಿಂತಿತು, ತುಸು ನಡುಗಿತು. ಕಡಿಯಿತು ಎಂದುಕೊಂಡೆ. ಕಡಿಯಲಿಲ್ಲ. ನನ್ನ ಉಸಿರು ಬಿಟ್ಟುಹೋಯಿತು, ಗಂಗತ್ತಿಯದು ಇನ್ನೂ ನಡೆದೇ ಇತ್ತು. ಕೊನೆಗೆ ಅದು ಮೆಲ್ಲಗೆ ಇಳಿದು ಬಂದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಆಮೇಲೆ ಅವಳು ಮುಂದಿನ ನುಡಿಗೆಂದು ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಹಾಡಿಗಿಂತ ನಿಚ್ಚಳವಾಗಿ ಕೇಳಿಸಿತು.

ಆಯಿಯೂ ಉಸಿರು ಬಿಟ್ಟಳು. ತಂತಿಯನ್ನೂ ಬಿಟ್ಟಳು.

"ಯವ್ವಾ, ಹಿಡಿ! ಇನ್ನಾ ಹಾಡಾಕತ್ತಾಳ!" ಅಪ್ಪ ಕೂಗಿದ.

"ಹಾಡ್ಲಿ. ನಾ ಕೇಳಬೇಕಾದ್ದು ಕೇಳಿದೆ" ಎಂದಳು ಆಯಿ, ಸೀರೆ ಕೊಡವಿಕೊಂಡು ಎದ್ದು. "ನೀವು ಹಿಡಕೊಂಡು ಕುಂದರ್ರಿ. ನನಗ ಬೀಸೂದೈತಿ." ಬಂಡಿಗೂ ಕಾಯದೆ ಏರಿಯಿಂದ ಕೆಳಗೆ ಇಳಿಯತೊಡಗಿದಳು. ನಾಲ್ಕು ಹೆಜ್ಜೆಗೆ ಮಂಜು ಅವಳನ್ನು ಒಳಗೆ ತೆಗೆದುಕೊಂಡಿತು.

ನಾನು ಜಿಗಿದು ತಂತಿ ಹಿಡಿದೆ. ಗಂಗತ್ತಿ ಬಂದಳು, ನನ್ನ ಬೆರಳಿಗೂ ಬಂದಳು! ಎರಡನೆಯ ನುಡಿ ಶುರುವಾಗಿತ್ತು. ಆಗ ಏರಿಯ ಕೆಳಗಿನಿಂದ, ಏನೂ ಕಾಣದ ಕಡೆಯಿಂದ, ಅದೇ ನುಡಿ ಇನ್ನೊಂದು ದನಿಯಲ್ಲಿ ಏರಿ ಬಂತು. ಮಳೆಗಾಲದಿಂದ ಬಾಯಿ ಬಿಡದಿದ್ದ ಆಯಿ ನಡೆಯುತ್ತಾ ಹಾಡುತ್ತಿದ್ದಳು. ಅಪ್ಪ ತುಟಿಯ ಮೇಲೆ ಬೆರಳಿಟ್ಟ. ಅಷ್ಟು ಜನರಲ್ಲಿ ಒಬ್ಬರೂ ರೇಡಿಯೋ ಕಡೆ ನೋಡಲಿಲ್ಲ, ಎಲ್ಲರೂ ಮಂಜಿನ ಕಡೆ ತಿರುಗಿ ನಿಂತಿದ್ದರು.